ಪಾಂಬನ್ ರೈಲು ಸೇತುವೆ ಹಡಗಿಗೆ ಹೇಗೆ ದಾರಿ ಬಿಡುತ್ತದೆ? ಹಳೆಯದನ್ನು ಯಾಕೆ ಕೈಬಿಟ್ಟರು?

ರಾಯಚೂರಿನಿಂದ ರಾಮೇಶ್ವರಕ್ಕೆ ಹೊರಡುವ ಮೊದಲು ನೀವು ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಾನು ಶಕ್ತಿನಗರದ ಕಡೆಯವನು, ವೆಲ್ಡಿಂಗ್ ನನ್ನ ಕೆಲಸ. 2016ರಲ್ಲಿ ಅವ್ವನ ಜೊತೆ, ರಾಮೇಶ್ವರ ದ್ವೀಪಕ್ಕೆ ಸಮುದ್ರ ದಾಟಿಸುವ ಆ ಹಳೇ ಸೇತುವೆ ಮೇಲೆಯೇ ಹೋಗಿದ್ದೆ. ಕೃಷ್ಣೆಗೆ ಹಾಕುವ ಹಾಗೆ ಅವ್ವ ಅಲ್ಲೂ ಕಿಟಕಿಯಿಂದ ನಾಣ್ಯ ಹಾಕಿ ಕೈ ಮುಗಿದಳು. ರೈಲು ನಡೆದುಕೊಂಡು ಹೋದಷ್ಟು ನಿಧಾನ.

ಮೊದಲು ನಮ್ಮ ಕಡೆ ಬಾವಿಗೆ ಏತ ಇರುತ್ತಿತ್ತು, ಅಲ್ವಾ? ಒಂದು ತುದಿಯಲ್ಲಿ ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ಅರ್ಧ ಕೆಲಸ ಆ ಕಲ್ಲೇ ಮಾಡುತ್ತದೆ. 1914ರ ಸೇತುವೆಯಲ್ಲಿ ಹಡಗಿಗಾಗಿ ತೆರೆಯುತ್ತಿದ್ದ ನಡುಭಾಗವೂ ಇದೇ ಲೆಕ್ಕ. ಷೆರ್ಜರ್ ಎಂಬ ಅಮೆರಿಕದ ಎಂಜಿನಿಯರ್ ಕಂಡುಹಿಡಿದ ಬಗೆ ಅದು. ಎದುರುಬದುರಾಗಿ ಎರಡು ಉಕ್ಕಿನ ರೆಕ್ಕೆಗಳು. ಬುಡ ತೊಟ್ಟಿಲಿನ ಕಾಲಿನಂತೆ ಬಾಗಿತ್ತು. ಹಿಂದಕ್ಕೆ ಉರುಳಿದಾಗ ಹಿಂಬದಿಯ ಭಾರ ಕೆಳಗಿಳಿಯುತ್ತಿತ್ತು, ಮುಂದಿನ ತುದಿ ಮೇಲೇಳುತ್ತಿತ್ತು. ಅಷ್ಟು ದೊಡ್ಡ ಉಕ್ಕನ್ನು ಆಳುಗಳು ಕೈಯಿಂದಲೇ ಎತ್ತುತ್ತಿದ್ದರು!

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ದ್ವೀಪದ ಆಚೆ ತುದಿಯ ಧನುಷ್ಕೋಡಿಗೆ ಹೊರಟಿದ್ದ ರೈಲು ಜನರ ಸಮೇತ ಸಮುದ್ರದ ಪಾಲಾಯಿತು. ಸೇತುವೆಯ ಬಹಳಷ್ಟು ಗರ್ಡರ್‌ಗಳು, ಅಂದರೆ ಹಳಿ ಹೊರುವ ಉಕ್ಕಿನ ತೊಲೆಗಳು, ಕೊಚ್ಚಿಹೋದವು. ಎತ್ತುವ ಭಾಗ ಮಾತ್ರ ಉಳಿಯಿತು. ಆಗಿನ್ನೂ ಯುವಕರಾಗಿದ್ದ ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರಿಗೆ ದುರಸ್ತಿ ವಹಿಸಿದರು. ಬಿದ್ದ ಗರ್ಡರ್‌ಗಳನ್ನು ನೀರಿನಿಂದ ಎತ್ತಿ ಮತ್ತೆ ಕೂರಿಸಿ, 46 ದಿನಗಳಲ್ಲಿ ಸೇತುವೆ ನಿಲ್ಲಿಸಿದರು. ಭಾರ ಎತ್ತುವ ಕೆಲಸ ಮಾಡಿದವರಿಗೆ ಗೊತ್ತು ಇದೆಂಥ ಸಾಹಸ ಅಂತ.

ಆಮೇಲೆ ಗಾಳಿ ಗಂಟೆಗೆ 58 ಕಿ.ಮೀ. ದಾಟಿದರೆ ರೈಲು ನಿಲ್ಲಿಸುವ ವ್ಯವಸ್ಥೆ ಬಂತು. 2007ರಲ್ಲಿ ಹಳಿ ಅಗಲವಾಗಿ ಬ್ರಾಡ್‌ಗೇಜ್ ಆಯಿತು. ಆದರೆ ಸೇತುವೆಯನ್ನು ಸೋಲಿಸಿದ್ದು ಗಾಳಿಯಲ್ಲ, ಉಪ್ಪು. ನಮ್ಮ ಕೃಷ್ಣೆಯ ಸೇತುವೆ ಕೆಳಗೆ ಸಿಹಿನೀರು. ಅಲ್ಲಿ ಹಗಲೂ ರಾತ್ರಿ ಉಪ್ಪುಗಾಳಿ ಉಕ್ಕಿಗೆ ಹತ್ತುತ್ತದೆ. ತುಕ್ಕು ಹಿಡಿದು ಪದರ ಏಳುವ ಕಬ್ಬಿಣದ ಮೇಲೆ ಎಷ್ಟು ಬಣ್ಣ ಬಳಿದರೂ ಒಳಗೆ ತಿನ್ನುವುದು ನಿಲ್ಲುವುದಿಲ್ಲ. ನನ್ನ ಕೈಯಲ್ಲೇ ಎಷ್ಟೋ ತುಂಡು ಹಾಗೆ ಪುಡಿಯಾಗಿವೆ. 2022ರ ಡಿಸೆಂಬರ್‌ನಲ್ಲಿ ಹಳೇ ಸೇತುವೆ ಮೇಲೆ ರೈಲು ನಿಂತಿತು.

ಪಕ್ಕದಲ್ಲೇ ಕಟ್ಟಿದ ಹೊಸದು 2025ರ ಏಪ್ರಿಲ್ 6ರಂದು ಶುರುವಾಯಿತು. ಹಳೆಯದು ಏತವಾದರೆ ಇದು ರಾಟೆ. ನಡುವಿನ 72.5 ಮೀಟರ್ ಉದ್ದದ ತುಂಡು ಎರಡು ಗೋಪುರಗಳ ನಡುವೆ ನೆಟ್ಟಗೆ 17 ಮೀಟರ್ ಮೇಲೇರುತ್ತದೆ. ಗೋಪುರದ ತುದಿಯ ರಾಟೆಗಳ ಮೇಲೆ ಉಕ್ಕಿನ ಹಗ್ಗ, ಹಗ್ಗದ ಇನ್ನೊಂದು ತುದಿಗೆ ಸರಿತೂಕದ ಭಾರ. ಹಾಗಾಗಿ ಮೋಟರ್‌ಗೆ ಶ್ರಮ ಕಡಿಮೆ. ಈ ಸಲ ಉಪ್ಪಿನ ವಿಷಯದಲ್ಲಿ ಹುಷಾರಾಗಿದ್ದಾರೆ. ಕಾಂಕ್ರೀಟಿನೊಳಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು, ಮೇಲೆ ತುಕ್ಕು ತಡೆಯುವ ವಿಶೇಷ ಬಣ್ಣ, ಪೂರ್ತಿ ವೆಲ್ಡ್ ಮಾಡಿದ ಜೋಡಣೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆ ಕೊನೆಯದ್ದು.

ಸೇತುವೆಯನ್ನು ಉದ್ದಕ್ಕೂ ನೋಡಬೇಕೆಂದರೆ ರೈಲಿನಲ್ಲಿ ಕೂತರೆ ಆಗದು. ಪಕ್ಕದಲ್ಲಿ 1988ರ ರಸ್ತೆ ಸೇತುವೆ ಇದೆ, ಎತ್ತರದಲ್ಲಿದೆ. ಬೆಳಿಗ್ಗೆ ಬೇಗ ಅಲ್ಲಿ ಹೋಗಿ ನಿಲ್ಲಿ.