ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು?

ಬ್ಯಾಸ್ಕೆಟ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ತಂಡ ಕಟ್ಟಿದರೆ ಮೊದಲು ಅಂಕಣಕ್ಕಿಳಿಯುವ ಐವರು ಯಾರಾಗಬೇಕು ಎಂದು ಕೇಳಿದ್ದೀರಿ. ನಿಮ್ಮ ಐವರನ್ನೂ ಕೊಟ್ಟಿದ್ದೀರಿ: ಮ್ಯಾಜಿಕ್ ಜಾನ್ಸನ್, ಮೈಕಲ್ ಜೋರ್ಡಾನ್, ಕೋಬಿ ಬ್ರಯಾಂಟ್, ಲೆಬ್ರಾನ್ ಜೇಮ್ಸ್, ವಿಲ್ಟ್ ಚೇಂಬರ್ಲಿನ್. ಒಬ್ಬೊಬ್ಬರ ಬಗ್ಗೆಯೂ ನನ್ನ ತಕರಾರಿಲ್ಲ. ಒಟ್ಟಿಗೆ ನಿಲ್ಲಿಸಿದಾಗಲೇ ಪಲ್ಲಕ್ಕಿಯ ಗಾದೆ ನೆನಪಾಗುವುದು. 1962ರ ಮಾರ್ಚ್ 2ರಂದು ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಅಂದು ಅವರು ಫ್ರೀ ಥ್ರೋಗಳನ್ನು (ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ತಡೆಯದ ಎಸೆತಗಳನ್ನು) ಬಿಟ್ಟೇ 63 ಸಲ ರಿಂಗಿನತ್ತ ಎಸೆದಿದ್ದರು. ಅಷ್ಟು ಹೊತ್ತು ಜೋರ್ಡಾನ್ ಮತ್ತು ಕೋಬಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಲ್ಲುವವರೇ? ಅಂಕಣದಲ್ಲಿರುವುದು ಒಂದೇ ಚೆಂಡು.

ನಾನು ಆಡಿದ್ದು ತುಮಕೂರಿನಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ಕಾಲೇಜು ತಂಡಕ್ಕೆ. ಐದು ಅಡಿ ಹನ್ನೊಂದು ಇಂಚು ಇದ್ದೆನಾದ್ದರಿಂದ ಪಿವಟ್ ಮಾಡಿದರು, ಅಂದರೆ ರಿಂಗಿನ ಬಳಿ ನಿಲ್ಲುವ ಎತ್ತರದ ಆಟಗಾರ. ಟಿವಿಯವರು ಸೆಂಟರ್ ಎನ್ನುತ್ತಾರೆ, ನಮ್ಮಲ್ಲಿ ಅದು ಪಿವಟ್ಟೇ. ಆ ಎತ್ತರ ಯಾವ ಲೆಕ್ಕಕ್ಕೂ ಇಲ್ಲ ಎಂಬುದು ಒಮ್ಮೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಆಡಿ ಬಂದ ಮೇಲೆ ತಿಳಿಯಿತು. ಹೀಗಾಗಿ ನನ್ನ ತಂಡ ಪಿವಟ್‌ನಿಂದಲೇ ಶುರುವಾಗುತ್ತದೆ. ಪಕ್ಷಪಾತ ಎಂದರೆ ಒಪ್ಪುತ್ತೇನೆ.

ನನ್ನ ಪಿವಟ್ ಬಿಲ್ ರಸೆಲ್.

ಕರೀಂ ಅಬ್ದುಲ್ ಜಬ್ಬಾರ್ ಏಕಿಲ್ಲ ಎಂದು ಅರ್ಧ ಜನ ಕೇಳುತ್ತೀರಿ. 38,387 ಅಂಕ, ಆರು ಸಲ ಋತುವಿನ ಶ್ರೇಷ್ಠ ಆಟಗಾರ, ಎಲ್ಲವೂ ಸರಿ. ಅವರ ಸ್ಕೈಹುಕ್ ಕಲಿಯಲು ನಾನೇ ಒಂದು ಬೇಸಿಗೆ ಪೂರ್ತಿ ಕಳೆದವನು. ಎಡಭುಜ ಎದುರಾಳಿಯ ಕಡೆಗೆ, ಎಡಗಾಲಿನಿಂದ ನೆಗೆತ, ಬಲಗೈ ನೆಟ್ಟಗೆ ಮೇಲಕ್ಕೆ ಚಾಚಿ ಮಣಿಕಟ್ಟಿನಿಂದ ಬಿಡಬೇಕು. ನಡುವೆ ಮೈಯೇ ಅಡ್ಡ ಇರುವುದರಿಂದ ಎದುರಾಳಿಗೆ ಚೆಂಡು ಎಟುಕುವುದಿಲ್ಲ. ನನ್ನ ಎಸೆತ ರಿಂಗಿಗೂ ಎಟುಕುತ್ತಿರಲಿಲ್ಲ. ಬೋರ್ಡಿನ ಮೇಲೆ ಹಾರಿ ಹಿಂದಿನ ಹೊಂಗೆ ಮರದಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಆದರೂ ರಸೆಲ್. ಕಾರಣ ಹೇಳುತ್ತೇನೆ. ನಮ್ಮ ಸಿಮೆಂಟ್ ಅಂಕಣದ ಒಂದು ಬದಿಗೆ ಗಿಡ್ಡ ಕಾಂಪೌಂಡ್, ಅದರಾಚೆ ರಸ್ತೆ. ಎದುರಾಳಿಯ ಎಸೆತವನ್ನು ಬಾರಿಸಿ ಕಾಂಪೌಂಡ್ ದಾಟಿಸಿದವನಿಗೆ ಶಿಳ್ಳೆಯೋ ಶಿಳ್ಳೆ. ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಮಾತ್ರ ಅದನ್ನು ಕಂಡರಾಗದು. “ಚೆಂಡು ಈಗ ಯಾರದು?” ಎನ್ನುತ್ತಿದ್ದರು. ಅದು ಮತ್ತೆ ಎದುರಾಳಿಯದೇ. ಬಾರಿಸಿದವನೇ ಹೋಗಿ ತರಬೇಕು ಎಂಬುದು ಅವರ ಶಿಕ್ಷೆ. ಒಂದು ಸಂಜೆ ನಾನು ಎಳನೀರಿನ ಗಾಡಿಯ ಕೆಳಗೆ ತೆವಳಿ, ಬುರುಡೆಗಳ ನಡುವಿನಿಂದ ಚೆಂಡು ಎಳೆದುಕೊಂಡು ಬಂದಾಗ ಉಳಿದ ಒಂಬತ್ತು ಮಂದಿ ಬೆವರು ಆರಿಸಿಕೊಂಡು ಕೂತಿದ್ದರು.

ರಸೆಲ್ ಹಾಗೆ ಬಾರಿಸುತ್ತಿರಲಿಲ್ಲ. ಚೆಂಡನ್ನು ತಟ್ಟಿ, ಅಂಕಣದೊಳಗೇ ಉಳಿಸಿ, ತಮಗೋ ಜೊತೆಗಾರನಿಗೋ ಸಿಗುವಂತೆ ನೋಡಿಕೊಳ್ಳುತ್ತಿದ್ದರು. ತಡೆದದ್ದೇ ಮುಂದಿನ ದಾಳಿಯ ಮೊದಲ ಪಾಸ್. ಅಂಥವನ್ನು ಎಷ್ಟು ತಡೆದರು ಎಂಬುದಕ್ಕೆ ಅಧಿಕೃತ ಲೆಕ್ಕವಿಲ್ಲ, ಏಕೆಂದರೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಹೀಗೆ ತಡೆದ ಎಸೆತಗಳನ್ನು, ಅಂದರೆ ಬ್ಲಾಕ್‌ಗಳನ್ನು, ಎಣಿಸತೊಡಗಿದ್ದು 1973–74ರಲ್ಲಿ, ಅವರು ನಿವೃತ್ತರಾದದ್ದು 1969ರಲ್ಲಿ. ಲೆಕ್ಕಕ್ಕೆ ಸಿಕ್ಕಿರುವುದು 13 ಋತುಗಳಲ್ಲಿ ಅವರ ತಂಡ ಗೆದ್ದ 11 ಲೀಗ್ ಪ್ರಶಸ್ತಿ. ಅವುಗಳಲ್ಲಿ ಕೊನೆಯ ಎರಡನ್ನು ಗೆದ್ದಾಗ ತಂಡದ ತರಬೇತುದಾರರೂ ಅವರೇ. ಪಂದ್ಯಕ್ಕೆ ಸರಾಸರಿ 15 ಅಂಕ, 22 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು). ಅವರು ಆಡತೊಡಗಿದಾಗ ಲೀಗಿನಲ್ಲಿ ಇದ್ದದ್ದೇ ಎಂಟು ತಂಡ ಎಂದು ಮೂಗು ಮುರಿಯುವವರಿದ್ದಾರೆ. ಎಂಟೇ ತಂಡವೆಂದರೆ ಒಳ್ಳೆಯ ಆಟಗಾರರೆಲ್ಲ ಆ ಎಂಟರಲ್ಲೇ ಕಿಕ್ಕಿರಿದಿದ್ದರು ಎಂದೂ ಆಯಿತಲ್ಲ! ಅವರ ಫ್ರೀ ಥ್ರೋ ಮಾತ್ರ ಸಮರ್ಥಿಸಲಾರೆ: ನೂರಕ್ಕೆ 56. ಕೊನೆಯ ನಿಮಿಷದಲ್ಲಿ ಬೇಕೆಂದೇ ಅವರ ಮೇಲೆ ಫೌಲ್ ಮಾಡಿದರೆ ನನ್ನ ತಂಡ ಒದ್ದಾಡುತ್ತದೆ.

ಪಾಯಿಂಟ್ ಗಾರ್ಡ್, ಅಂದರೆ ಸಾಮಾನ್ಯವಾಗಿ ಚೆಂಡು ತಂದು ಆಟ ಕಟ್ಟುವವನ ಜಾಗಕ್ಕೆ ಸ್ಟೀಫನ್ ಕರಿ. ಚೆಂಡು ಕೈಯಲ್ಲಿಲ್ಲದಾಗಲೂ ಓಡುತ್ತಲೇ ಇರುತ್ತಾರೆ, ಹಿಂದೆ ಇಬ್ಬರು ರಕ್ಷಕರನ್ನು ಎಳೆದುಕೊಂಡು. 2015–16ರ ಋತುವಿನಲ್ಲಿ ದೂರದಿಂದ ಎಸೆಯುವ 402 ಮೂರಂಕದ ಎಸೆತಗಳನ್ನು ಹಾಕಿದರು; ಅದಕ್ಕೂ ಮೊದಲು ಯಾರೂ 300 ಮುಟ್ಟಿರಲಿಲ್ಲ. ಇಲ್ಲಿ ಮ್ಯಾಜಿಕ್‌ರನ್ನು ಕೈಬಿಡಲು ಸಂಕಟವಾಯಿತು. 1980ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ, ತಂಡದ ಪಿವಟ್ ಕರೀಂ ಗಾಯಗೊಂಡು ಮನೆಯಲ್ಲಿದ್ದಾಗ, ಇಪ್ಪತ್ತರ ಹುಡುಗ ಪಿವಟ್ ಜಾಗದಲ್ಲಿ ನಿಂತು 42 ಅಂಕ ಗಳಿಸಿ ಪ್ರಶಸ್ತಿ ತಂದುಕೊಟ್ಟ. ಆದರೆ ಆಟ ಕಟ್ಟುವ ಕೆಲಸವನ್ನು ನನ್ನ ತಂಡದಲ್ಲಿ ಲೆಬ್ರಾನ್ ನೋಡಿಕೊಳ್ಳುತ್ತಾರೆ, ಅದೂ ಪವರ್ ಫಾರ್ವರ್ಡ್ ಜಾಗದಿಂದ, ಅಂದರೆ ರಿಂಗಿನ ಹತ್ತಿರ ಆಡುವ ಬಲಿಷ್ಠ ಮುಂಪಡೆಯ ಆಟಗಾರನ ಜಾಗದಿಂದ.

ಜೋರ್ಡಾನ್ ಬಗ್ಗೆ ವಾದವೇ ಬೇಡ. 1987–88ರಲ್ಲಿ ಪಂದ್ಯಕ್ಕೆ 35 ಅಂಕದಂತೆ ಗಳಿಸಿ, ಅದೇ ಋತುವಿನಲ್ಲಿ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯನ್ನೂ ಪಡೆದವರು.

ಇನ್ನೊಬ್ಬ ಮುಂಪಡೆಯ ಆಟಗಾರ, ಸ್ಮಾಲ್ ಫಾರ್ವರ್ಡ್, ಲ್ಯಾರಿ ಬರ್ಡ್. ಫ್ರೆಂಚ್ ಲಿಕ್ ಎಂಬ ಪುಟ್ಟ ಊರಿನವರು. ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿ, ಒಗ್ಗದೆ ಊರಿಗೆ ವಾಪಸಾಗಿ, ಕೆಲಕಾಲ ಕಸದ ಲಾರಿಯಲ್ಲಿ ದುಡಿದವರು. ಬೆಂಗಳೂರು ನೋಡಿ ಬೆದರಿ ಮರಳಿದ ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ಅದನ್ನು ಬದಿಗಿಟ್ಟರೂ, ಚೆಂಡನ್ನು ಒಂದು ಕ್ಷಣವೂ ಇಟ್ಟುಕೊಳ್ಳದೆ ಸರಿಯಾದವನ ಕೈಗೆ ದಾಟಿಸುವುದರಲ್ಲಿ ಅವರ ಸಮಕ್ಕೆ ನಿಲ್ಲುವ ಫಾರ್ವರ್ಡ್‌ಗಳು ಕಡಿಮೆ. ಕೋಬಿ ಬೆಂಚಿನಲ್ಲಿರಲಿ. ಬೈಯುವವರು ಬೈಯಿರಿ.

ಈ ಪಟ್ಟಿಯನ್ನು ಮಗನಿಗೆ ತೋರಿಸಿದೆ. ಹದಿನಾರು ವರ್ಷ, ನನಗಿಂತ ಎರಡಿಂಚು ಎತ್ತರ, ಆಡುವುದು ಅದೇ ಅಂಕಣದಲ್ಲಿ, ಅದೇ ಪಿವಟ್ ಜಾಗದಲ್ಲಿ. ರಸೆಲ್ ಬದಲು ನಿಕೋಲಾ ಯೋಕಿಚ್ ಇರಬೇಕಂತೆ. “ಪಿವಟ್ ಆದವನಿಗೆ ಪಾಸ್ ಕೊಡಲು ಬರಬೇಕಪ್ಪಾ” ಎಂದು ನನ್ನ ವಾದವನ್ನೇ ನನಗೆ ತಿರುಗಿಸಿದ. ಕಾಂಪೌಂಡಿನ ಕಥೆ ಹೇಳಿದೆ. ಅಲ್ಲಿ ಈಗ ಎತ್ತರದ ಜಾಲರಿ ಹಾಕಿದ್ದಾರೆ. ಬಾರಿಸಿದ ಚೆಂಡು ತಾನಾಗಿಯೇ ಒಳಗೆ ಬಂದು ಬೀಳುತ್ತದೆ. ಅವನಿಗೆ ಕಥೆ ಅಷ್ಟಾಗಿ ಹಿಡಿಸಲಿಲ್ಲ.