17ನೇ ಲೆವೆಲ್ ಪಾರ್ಟಿಯ ಎದುರು ಒಬ್ಬ ಗಣಿ ಕೂಲಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ನಿಮ್ಮ ಪಾರ್ಟಿ, ಅಂದರೆ ಆಟಗಾರರ ಪಾತ್ರಗಳ ತಂಡ, 17ನೇ ಲೆವೆಲ್ ಮುಟ್ಟಿದೆ. ಲಿಚ್ (ಸತ್ತೂ ಸಾಯದ ಮಾಂತ್ರಿಕ), ಡ್ರಾಗನ್, ನರಕದ ದೊರೆ ಎಲ್ಲ ಮುಗಿದಿದೆ. ಈಗ ಎಲ್ಲರೂ ತುಳಿದಿಟ್ಟ, ಯಾರೂ ಲೆಕ್ಕಕ್ಕೆ ಇಡದ ಒಬ್ಬ ವಿಲನ್ ಬೇಕು ಎಂದು ಕೇಳಿದ್ದೀರಿ. ಆದರೆ ಆಟಗಾರರು ಸ್ಕ್ರೈಯಿಂಗ್ (ದೂರದವರನ್ನು ಮಂತ್ರದಿಂದ ನೋಡುವುದು) ಮಾಡಿ ಹುಡುಕಿ, ಟೆಲಿಪೋರ್ಟ್ ಆಗಿ ಹೋಗಿ, ಒಂದೇ ರೌಂಡ್‌ನಲ್ಲಿ ಮುಗಿಸಿಬಿಟ್ಟರೆ ಏನು ಗತಿ ಎಂಬ ಭಯವೂ ನಿಮಗಿದೆ. ನಾನು ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ, ಅಂದರೆ 2014ರ ನಿಯಮಗಳನ್ನು ಇಟ್ಟುಕೊಂಡು ಉತ್ತರ ಬರೆಯುತ್ತೇನೆ. ನಾನು ಆಡಿಸುವುದೂ ಅದನ್ನೇ.

ಕೈಗೆ ಸಿಕ್ಕರೆ ಮುಗಿಸಲಿ ಬಿಡಿ. ಇಂಥ ವಿಲನ್ ಸಿಕ್ಕಿಬಿದ್ದರೆ ಸಾಯಲೇಬೇಕು. ಡಿಎಂಗಳು, ಅಂದರೆ ಆಟ ನಡೆಸುವವರು, ಇಲ್ಲೇ ಹೆದರುತ್ತಾರೆ. ಮೂರು ಲೆಜೆಂಡರಿ ರೆಸಿಸ್ಟೆನ್ಸ್ (ಮಂತ್ರದಿಂದ ಪಾರಾಗುವ ಶಕ್ತಿ) ಕೊಡುತ್ತಾರೆ, 200 ಎಚ್‌ಪಿ (ಪ್ರಾಣಬಲ) ಕೊಡುತ್ತಾರೆ, ಎಲ್ಲಿಂದಲೋ ಒಂದು ಶಾಪದ ಕತ್ತಿ ತಂದು ಕೈಗೆ ಹಿಡಿಸುತ್ತಾರೆ. ಅಲ್ಲಿಗೆ ಅವನು ಹರಕು ಬಟ್ಟೆ ಹಾಕಿಕೊಂಡ ಇನ್ನೊಬ್ಬ ಲಿಚ್ ಆದ, ಅಷ್ಟೇ. ಆಟಗಾರರಿಗೆ ಅದು ತಕ್ಷಣ ಗೊತ್ತಾಗುತ್ತದೆ. ನನ್ನ ಪ್ರಕಾರ 20 ಎಚ್‌ಪಿ ಸಾಕು. ಮೀಟಿಯರ್ ಸ್ವಾರ್ಮ್ ಎಂಬ ಸ್ಪೆಲ್ (ಮಂತ್ರ) ಸರಾಸರಿ 140 ಡ್ಯಾಮೇಜ್ ಕೊಡುತ್ತದೆ. ಅದರ ಎದುರು 20 ಇದ್ದರೇನು, 100 ಇದ್ದರೇನು?

ವಿಲನ್‌ನ ಬಲ ಹೆಚ್ಚಿಸುವ ಬದಲು ಪಾರ್ಟಿಯ ಬಲ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿ. ಮುಗಿಯುವ ಜಾಗಗಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ. 17ನೇ ಲೆವೆಲ್ ವಿಝಾರ್ಡ್ ಹತ್ತಿರ ಆರು, ಏಳು, ಎಂಟು, ಒಂಬತ್ತನೇ ಲೆವೆಲ್‌ನ ಸ್ಲಾಟ್ (ಆ ದರ್ಜೆಯ ಸ್ಪೆಲ್ ಹಾಕುವ ಅವಕಾಶ) ತಲಾ ಒಂದೇ ಇರುವುದು. ಟೆಲಿಪೋರ್ಟ್ ಏಳನೇ ಲೆವೆಲ್‌ನ ಸ್ಪೆಲ್. ದೊಡ್ಡ ಸ್ಲಾಟ್‌ಗಳನ್ನೆಲ್ಲ ಅದಕ್ಕೇ ಸುರಿದರೂ ದಿನಕ್ಕೆ ಮೂರು ಸಲ. ಆಮೇಲೆ ಸ್ಲಾಟ್ ಮರಳಲು ಎಂಟು ಗಂಟೆಯ ಲಾಂಗ್ ರೆಸ್ಟ್ ಬೇಕು, ಅದರ ಲಾಭವೂ 24 ಗಂಟೆಯಲ್ಲಿ ಒಂದೇ ಸಲ. ಅಂದರೆ ಒಂದೇ ದಿನ ಐದು ಊರಲ್ಲಿ ಏನಾದರೂ ನಡೆದರೆ, ಜಗತ್ತಿನ ಅತಿ ಬಲಶಾಲಿ ಪಾರ್ಟಿಯೂ ಎಲ್ಲ ಕಡೆ ಇರಲು ಆಗುವುದಿಲ್ಲ. ಇದನ್ನು ಲೆಕ್ಕ ಹಾಕಲು ಮಂತ್ರ ಬೇಕಿಲ್ಲ. ಪಾರ್ಟಿಯನ್ನು ದೂರದಿಂದ ಗಮನಿಸುತ್ತಿರುವ ಯಾವ ಅಡುಗೆಯವಳಾದರೂ ಹಾಕಬಹುದು.

ಇನ್ನೊಂದು ಕೊನೆ ಇದೆ. ನನಗೆ ಅದೇ ಜಾಸ್ತಿ ಇಷ್ಟ: ವಜ್ರ. ಈ ಆಟದಲ್ಲಿ ಸತ್ತವರನ್ನು ಎಬ್ಬಿಸಲು ಸಾಮಾನ್ಯವಾಗಿ ವಜ್ರ ಬೇಕು. ರಿವಿವಿಫೈಗೆ 300 ಚಿನ್ನದ ನಾಣ್ಯದಷ್ಟು, ರೇಸ್ ಡೆಡ್‌ಗೆ 500, ರೆಸರೆಕ್ಷನ್‌ಗೆ 1,000, ಟ್ರೂ ರೆಸರೆಕ್ಷನ್‌ಗೆ 25,000. ಪಾರ್ಟಿಯವರು ಇದನ್ನು ಕ್ಯಾರೆಕ್ಟರ್ ಶೀಟ್‌ನಲ್ಲಿ ಒಂದು ಸಾಲಾಗಿ ಬರೆದಿಟ್ಟುಕೊಂಡಿರುತ್ತಾರೆ. ಖರ್ಚಾದಾಗ ಮತ್ತೆ ಕೊಳ್ಳುತ್ತಾರೆ. ಆ ಕಲ್ಲನ್ನು ನೆಲದಿಂದ ಯಾರು ತೆಗೆದರು ಅಂತ ಯಾರೂ ಕೇಳಿರುವುದಿಲ್ಲ ಅಲ್ವಾ?

ನನ್ನ ವಿಲನ್ ಅಲ್ಲಿಂದ ಬರುತ್ತಾಳೆ. ಅವಳ ಹೆಸರು ನೇರಾ ಅಂತ ಇಟ್ಟುಕೊಳ್ಳೋಣ. ವಜ್ರದ ಗಣಿಯಲ್ಲಿ ಕೂಲಿ. ಸುರಂಗ ಕುಸಿದು ಅವಳ ಮಗ ಸತ್ತ. ಅವತ್ತು ಅವಳ ಬುಟ್ಟಿಯಲ್ಲೇ ಅವನನ್ನು ಬದುಕಿಸುವಷ್ಟು ಬೆಲೆಯ ಕಲ್ಲು ಇತ್ತು. ಅದನ್ನು ತೂಗಿ, ಬರೆದುಕೊಂಡು, ಕಸಿದುಕೊಂಡು ಹೋದರು. ಆ ಕಲ್ಲು ಕೊನೆಗೆ ಬಂದಿದ್ದು ನಿಮ್ಮ ಪಾರ್ಟಿಯ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿ) ಕೈಗೆ. ಹಳೆಯ ಸೆಷನ್ ನೋಟ್ಸ್ ತೆಗೆದು ನೋಡಿ. ಯಾರೋ ಒಬ್ಬರು ಸತ್ತು, ಎದ್ದು, ಅದನ್ನೊಂದು ತಮಾಷೆ ಮಾಡಿಕೊಂಡ ದಿನ ಇದ್ದೇ ಇರುತ್ತದೆ. ಆ ದಿನದ ಕಲ್ಲೇ ಇದು. ಇದನ್ನು ನೀವು ಹೊಸದಾಗಿ ಹುಟ್ಟಿಸಬೇಕಿಲ್ಲ, ಆಟಗಾರರೇ ಆಗಲೇ ಆಡಿಬಿಟ್ಟಿದ್ದಾರೆ. ಒಂದು ಮಾತು ಮಾತ್ರ: ಮಗುವಿನ ಸಾವು ಕೆಲವರಿಗೆ ಆಟದಲ್ಲೂ ತಡೆಯಲಾಗದ ವಿಷಯ. ನಿಮ್ಮ ಗುಂಪನ್ನು ಮೊದಲೇ ಕೇಳಿ. ಬೇಡ ಅಂದರೆ ಅಣ್ಣನನ್ನೋ ಗಂಡನನ್ನೋ ಇಡಿ, ಕತೆ ಏನೂ ಸಡಿಲವಾಗುವುದಿಲ್ಲ.

ಅವಳ ಆಯುಧ ಸುತ್ತಿಗೆ. ರೇಸ್ ಡೆಡ್, ರೆಸರೆಕ್ಷನ್ ಎರಡಕ್ಕೂ ಅಷ್ಟು ಬೆಲೆಯ ಒಂದೇ ಕಲ್ಲು ಬೇಕು ಎಂದು ನಿಯಮ ಹೇಳುತ್ತದೆ. ವಜ್ರ ಎಷ್ಟೇ ಗಟ್ಟಿ ಅಂದರೂ ಸರಿಯಾದ ಕಡೆ ಏಟು ಬಿದ್ದರೆ ಸೀಳುತ್ತದೆ, ಗಣಿಯವರಿಗೆ ಅದು ಗೊತ್ತು. 1,000 ನಾಣ್ಯದ ಕಲ್ಲು ನಾಲ್ಕು ಚೂರಾದರೆ ಮಾರಲು ಬರುತ್ತದೆ, ಈ ಎರಡು ಸ್ಪೆಲ್‌ಗೆ ಬರುವುದಿಲ್ಲ. ಕೂಲಿಗಳು, ಕಲ್ಲು ವಿಂಗಡಿಸುವವರು, ಗಾಡಿ ಹೊಡೆಯುವವರು ಸೇರಿ ದೊಡ್ಡ ಕಲ್ಲುಗಳನ್ನು ಒಂದೊಂದಾಗಿ ಒಡೆಯುತ್ತಾರೆ. ಅತಿ ಒಳ್ಳೆಯ ಕೆಲವನ್ನು ಮಾತ್ರ ನೇರಾ ಬಚ್ಚಿಡುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ಮಾರುಕಟ್ಟೆಯಲ್ಲಿ ದೊಡ್ಡ ಕಲ್ಲೇ ಇಲ್ಲ. ಪಾರ್ಟಿಗೆ ಇದು ಮೊದಲು ಗೊತ್ತಾಗುವುದು ಅಂಗಡಿಯವನ ಬಾಯಲ್ಲಿ: "ಈ ಸಲ ಬಂದಿಲ್ಲ." ಆ ಸಾಲನ್ನು ಸುಮ್ನೆ ಹೇಳಿ ಮುಂದೆ ಹೋಗಿ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಅವಳು ವಿಲನ್ ಅಲ್ಲ, ನಾನೂ ಅವಳ ಕಡೆಯೇ. ವಿಲನ್ ಆಗುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಹಬ್ಬದ ದಿನ ಐದು ಊರುಗಳಲ್ಲಿ ಒಂದೇ ಹೊತ್ತಿಗೆ ಊಟಕ್ಕೆ ವಿಷ ಬೀಳುತ್ತದೆ. ಗಣಿಯ ಒಡೆಯರು, ಅವರ ಮನೆಯವರು, ಅದೇ ಪಂಕ್ತಿಯಲ್ಲಿ ಕೂತು ಉಂಡ ಆಳುಗಳು, ಮಕ್ಕಳು, ಎಲ್ಲರೂ ಸಾಯುತ್ತಾರೆ. ಅವಳ ದೂರು ಪೂರ್ತಿ ನಿಜ ಇರಬೇಕು, ಅವಳು ಮಾಡಿದ್ದು ಕ್ಷಮಿಸಲಾಗದ್ದು ಇರಬೇಕು. ಎರಡರಲ್ಲಿ ಯಾವುದನ್ನೂ ತೆಳು ಮಾಡಬೇಡಿ. ದೂರು ತೆಳುವಾದರೆ ಅವಳು ಬರೀ ಹುಚ್ಚಿ. ಕೃತ್ಯ ತೆಳುವಾದರೆ ಪಾರ್ಟಿ ಅವಳ ಜೊತೆ ಸೇರಿಕೊಂಡು ಕ್ಯಾಂಪೇನ್ (ಆಟದ ಇಡೀ ಕತೆ) ಬೇರೆಯೇ ಆಗುತ್ತದೆ.

ಇಲ್ಲಿ ಒಂದು ತೂತು ಇದೆ, ಅದನ್ನು ನೋಡದೆ ಆಡಿಸಬೇಡಿ. ವಿಶ್ ಸ್ಪೆಲ್ ಎಂಟನೇ ಲೆವೆಲ್‌ವರೆಗಿನ ಯಾವ ಸ್ಪೆಲ್ ಅನ್ನಾದರೂ ಸಾಮಗ್ರಿ ಇಲ್ಲದೆಯೇ ಮಾಡಿಬಿಡುತ್ತದೆ. ರೆಸರೆಕ್ಷನ್ ಏಳನೇ ಲೆವೆಲ್. ಅಂದರೆ ವಿಝಾರ್ಡ್ ವಜ್ರವಿಲ್ಲದೆ ಎಬ್ಬಿಸಬಲ್ಲ. ಎಷ್ಟು ಜನರನ್ನು? ವಿಶ್‌ಗೆ ಬೇಕಾದ ಒಂಬತ್ತನೇ ಲೆವೆಲ್‌ನ ಸ್ಲಾಟ್ ಒಂದೇ ಇರುವುದರಿಂದ ದಿನಕ್ಕೆ ಒಬ್ಬರನ್ನು. ಈ ತೂತನ್ನು ನಾನು ಮುಚ್ಚುವುದಿಲ್ಲ, ಇಡೀ ಕ್ಯಾಂಪೇನ್‌ನ ಅತಿ ಗಟ್ಟಿ ಭಾಗ ಇದೇ. ಮರುದಿನ ಬೆಳಿಗ್ಗೆ ಪಾರ್ಟಿಯ ಬಾಗಿಲ ಮುಂದೆ ಹೆಣಗಳ ಸಾಲು ನಿಲ್ಲುತ್ತದೆ. ರಾಜನ ಕಡೆಯವರೂ ಬರುತ್ತಾರೆ, ಅಡುಗೆಯವಳ ಗಂಡನೂ ಬರುತ್ತಾನೆ. ಜೆಂಟಲ್ ರೆಪೋಸ್ ಹಾಕಿ ಹೆಣಗಳನ್ನು ಕೆಡದಂತೆ ಇಟ್ಟುಕೊಂಡು ಜನ ವಾರಗಟ್ಟಲೆ ಕಾಯುತ್ತಾರೆ. ಇವತ್ತು ಯಾರು? ನಾಳೆ ಯಾರು? ವಿಶ್ ಅನ್ನು ಇದಕ್ಕೆ ಬಳಸಿದ ದಿನ ನೇರಾಳನ್ನು ಹುಡುಕಲು ಆ ಸ್ಲಾಟ್ ಇಲ್ಲ. ಡ್ರುಯಿಡ್ (ಪ್ರಕೃತಿಯ ಮಾಂತ್ರಿಕ) ಇದ್ದರೆ ರೀಇನ್‌ಕಾರ್ನೇಟ್ ಮಾಡಬಹುದು, ಅದಕ್ಕೆ ವಜ್ರ ಬೇಡ, 1,000 ನಾಣ್ಯದ ಅಪರೂಪದ ತೈಲ ಸಾಕು. ಆದರೆ ಮೈ ಬೇರೆ ಬರುತ್ತದೆ. ರಾಜ ಹಾಫ್ಲಿಂಗ್ (ಕುಳ್ಳ ಜನಾಂಗದವನು) ಆಗಿ ಎದ್ದು ಕೂತರೆ ಪಟ್ಟ ಅವನದೇ ಉಳಿಯುತ್ತದೆಯೇ ಎಂಬ ಜಗಳಕ್ಕೇ ಎರಡು ಸೆಷನ್ ಬೇಕು. ನೇರಾ ಒಂದು ಕತ್ತಿ ಎತ್ತಲಿಲ್ಲ. ತನ್ನ ಊರಿನವರು ದಿನವೂ ನಿಂತಿದ್ದ ಜಾಗದಲ್ಲಿ ಪಾರ್ಟಿಯನ್ನು ತಂದು ನಿಲ್ಲಿಸಿದಳು.

ಈಗ ಹುಡುಕಾಟದ ವಿಷಯ. ಅವಳಿಗೆ ಪತ್ತೆ ತಪ್ಪಿಸುವ ತಾಯತ ಕೊಡಬಹುದು, ನಿಯಮದಲ್ಲಿ ಇದೆ. ನಾನಾದರೆ ಕೊಡುವುದಿಲ್ಲ. ಅವಳ ನಿಜವಾದ ರಕ್ಷಣೆ ಎಂದರೆ, ಹುಡುಕಬೇಕಾದವಳು ಇವಳು ಎಂದೇ ಯಾರಿಗೂ ಗೊತ್ತಿಲ್ಲದಿರುವುದು. ಸ್ಕ್ರೈಯಿಂಗ್‌ಗೆ ಇಂಥವರೇ ಬೇಕು ಎಂದು ಒಬ್ಬರನ್ನು ಆರಿಸಬೇಕು. ಬರೀ ಹೆಸರು ಕೇಳಿ ಗೊತ್ತಿದ್ದರೆ ಅವಳ ಸೇವ್‌ಗೆ (ಮಂತ್ರದಿಂದ ಪಾರಾಗಲು ಹಾಕುವ ದಾಳಕ್ಕೆ) +5 ಸಿಗುತ್ತದೆ. ಸೇವ್ ಗೆದ್ದರೆ ಆ ವಿಝಾರ್ಡ್ 24 ಗಂಟೆ ಮತ್ತೆ ಪ್ರಯತ್ನಿಸುವಂತಿಲ್ಲ. ಸೇವ್ ಸೋತರೆ ಕಾಣುವುದೇನು? ಹತ್ತು ನಿಮಿಷ ಒಬ್ಬ ಹೆಂಗಸು ಕಲ್ಲುಮಣ್ಣಿನ ಬುಟ್ಟಿ ಹೊರುತ್ತಿರುವುದು. ನಿಮ್ಮ ಆಟಗಾರರು ಕೈಬಿಟ್ಟು ಬೇರೆ ಕಡೆ ನೋಡುವ ಸಾಧ್ಯತೆಯೇ ಹೆಚ್ಚು.

ಸ್ಪೀಕ್ ವಿತ್ ಡೆಡ್ ಎಂಬ, ಹೆಣವನ್ನು ಪ್ರಶ್ನೆ ಕೇಳುವ ಸ್ಪೆಲ್‌ಗೆ ಅವಳ ಹತ್ತಿರ ಒಂದು ಒಳ್ಳೆಯ ಉಪಾಯ ಇರಲಿ. ಒಂದು ಹೆಣದ ಮೇಲೆ ಆ ಸ್ಪೆಲ್ ಹಾಕಿದ ಮೇಲೆ ಹತ್ತು ದಿನ ಮತ್ತೆ ಅದು ಕೆಲಸ ಮಾಡುವುದಿಲ್ಲ. ಅವಳ ಜನರಲ್ಲಿ ಯಾರಾದರೂ ಸತ್ತರೆ, ಅವರ ಕಡೆಯ ಒಬ್ಬ ಸಣ್ಣ ಪೂಜಾರಿ ಮೊದಲೇ ಹೋಗಿ ಐದು ಪ್ರಶ್ನೆ ಕೇಳಿ ಬಂದಿರುತ್ತಾನೆ. ಪ್ರಶ್ನೆ ಏನಾದರೂ ಇರಲಿ, ಮನೆಗೆ ಏನು ಹೇಳಬೇಕು ಅಂತಲೇ ಕೇಳಲಿ. ಪಾರ್ಟಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿದೆ. ಮೂರನೇ ಲೆವೆಲ್‌ನ ಸ್ಪೆಲ್ ಅದು, ಐದನೇ ಲೆವೆಲ್‌ನ ಕ್ಲೆರಿಕ್ ಸಾಕು.

ಕಮ್ಯೂನ್ (ದೇವರನ್ನೇ ಕೇಳುವ ಸ್ಪೆಲ್) ಬಳಸಿದರೆ ದೇವರ ಹತ್ತಿರ ನಿಜವನ್ನೇ ಹೇಳಿಸಿ. ಮೂರು ಹೌದು-ಇಲ್ಲ ಪ್ರಶ್ನೆಗಳು. ಒಳ್ಳೆಯ ಪ್ರಶ್ನೆ ಕೇಳಿದರೆ ಹತ್ತಿರ ಬರಲಿ. ಅದು ಅವರು ದುಡಿದು ಪಡೆದದ್ದು.

ಝೋನ್ ಆಫ್ ಟ್ರುತ್ ಎಂಬ, ಸುಳ್ಳು ಹೇಳಲಾಗದಂತೆ ಮಾಡುವ ಸ್ಪೆಲ್‌ಗೆ ಮಾತ್ರ ಒಂದು ಸೆಷನ್ ಪೂರ್ತಿ ಕೊಡಿ. ಯಾವುದೋ ಹಂತದಲ್ಲಿ ಪಾರ್ಟಿ ಅವಳನ್ನು ಹಿಡಿದು ಜನರ ಮುಂದೆ ತಂದು ನಿಲ್ಲಿಸುತ್ತದೆ. ಕ್ಲೆರಿಕ್ ಆ ಸ್ಪೆಲ್ ಹಾಕುತ್ತಾನೆ. ಅವಳು ಸೇವ್ ಸೋಲಲಿ, ಸೋತಿದ್ದು ಕ್ಲೆರಿಕ್‌ಗೆ ಗೊತ್ತಾಗಲಿ. ಆಮೇಲೆ ಹತ್ತು ನಿಮಿಷ ಅವಳು ಬರೀ ನಿಜ ಹೇಳುತ್ತಾಳೆ. ಯಾವ ದಿನ, ಯಾವ ಕಲ್ಲು, ಯಾರನ್ನು ಎಬ್ಬಿಸಲು ಖರ್ಚಾಯಿತು. ತಾನು ಎಷ್ಟು ಜನರನ್ನು ಕೊಂದೆ ಎಂದೂ ಹೇಳುತ್ತಾಳೆ. ನೆರೆದ ಜನ ಎರಡನ್ನೂ ಕೇಳಿಸಿಕೊಳ್ಳುತ್ತಾರೆ. ಈ ಮಾತನ್ನು ನೀವು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಸಾಮಾನ್ಯವಾಗಿ ಎನ್‌ಪಿಸಿಗಳ (ಡಿಎಂ ಆಡಿಸುವ ಪಾತ್ರಗಳ) ಮಾತನ್ನು ಬರೆದಿಡುವುದಿಲ್ಲ, ಇಂಥ ಕಡೆ ಮಾತ್ರ ಬರೆಯುತ್ತೇನೆ. ಇಲ್ಲಿ ಒಂದು ವಿವರ ತಪ್ಪಿದರೂ ಆಟಗಾರರು ಅದನ್ನೇ ಹಿಡಿದುಕೊಂಡು ತಪ್ಪಿಸಿಕೊಳ್ಳುತ್ತಾರೆ.

ಅವಳ ಉಪಾಯಗಳನ್ನು ಎಲ್ಲಿಂದ ತರುವುದು ಎಂದು ಕೇಳಿದರೆ, ನಿಮ್ಮ ಆಟಗಾರರು ಮೊದಲನೇ ಲೆವೆಲ್‌ನಲ್ಲಿ ಮಾಡಿದ್ದನ್ನೇ ತನ್ನಿ. ಆಗ ಅವರಿಗೂ ಹತ್ತು ಎಚ್‌ಪಿ ಇತ್ತು. ಎಣ್ಣೆ ಚೆಲ್ಲಿ ಬೆಂಕಿ ಹಚ್ಚಿದ್ದು, ಕಾವಲುಗಾರನಿಗೆ ಲಂಚ ಕೊಟ್ಟಿದ್ದು, ಒಂದು ದೈತ್ಯನನ್ನು ಇನ್ನೊಂದರ ಮೇಲೆ ಛೂ ಬಿಟ್ಟು ಓಡಿದ್ದು. ಅದೇ ತಂತ್ರ ಈಗ ಅವರ ಮೇಲೆ ಬರಲಿ. ಯಾರಾದರೂ ಒಬ್ಬರು ತಲೆ ಎತ್ತಿ "ಇದು ನಾವು ಮಾಡಿದ್ದಲ್ವಾ?" ಅನ್ನುತ್ತಾರೆ. ಇಂಥ ವಿಲನ್‌ನ ದೊಡ್ಡ ಸುಖ ನನಗೆ ಅಲ್ಲೇ ಇರುವುದು.

ಅವಳನ್ನು ಆದಷ್ಟು ಬೇಗ ತೋರಿಸಿ, ವಿಲನ್ ಆಗಿ ಅಲ್ಲ. ಪಾರ್ಟಿ ಗಣಿಯ ಹತ್ತಿರ ಹಾದುಹೋಗುವಾಗ ಒಬ್ಬ ಹೆಂಗಸು ಬಂದು ಮಗನನ್ನು ಎಬ್ಬಿಸಿಕೊಡಿ ಎಂದು ಕೇಳಲಿ. ಹೆಚ್ಚಿನ ಪಾರ್ಟಿಗಳು ಅವಸರದಲ್ಲಿರುತ್ತವೆ, "ಆಮೇಲೆ" ಅನ್ನುತ್ತವೆ. ನಿಮ್ಮವರು ಹಾಗಲ್ಲದೆ ನಿಂತು, ತಮ್ಮ ವಜ್ರ ತೆಗೆದು, ಹುಡುಗನನ್ನು ಎಬ್ಬಿಸಿದರೆ ದಯವಿಟ್ಟು ಅಡ್ಡ ಹಾಕಬೇಡಿ. ಹುಡುಗ ಏಳಲಿ. ಅವಳು ಪಾರ್ಟಿಯ ಗೆಳತಿಯಾಗಲಿ. ಅದೇ ಸುರಂಗದಲ್ಲಿ ಸತ್ತ ಇನ್ನೊಬ್ಬನ ಅಕ್ಕ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾಳೆ, ವಿಲನ್ ಅವಳಾಗಲಿ. ಈಗ ನೇರಾಗೆ ಎರಡೂ ಕಡೆಯ ನೋವು ಗೊತ್ತು, ಪಾರ್ಟಿಗೆ ಅವಳ ಮಾತು ಬೇಕಾಗುತ್ತದೆ. ಇದು ನನಗೆ ಮೂಲ ಕತೆಗಿಂತ ಹೆಚ್ಚು ಹಿಡಿಸುತ್ತದೆ.

ಕೊನೆಗೆ ನಿಮ್ಮ ಭಯಕ್ಕೇ ಬರೋಣ: ಎರಡನೇ ಸೆಷನ್‌ನಲ್ಲೇ ಅವಳನ್ನು ಕೊಂದುಬಿಟ್ಟರೆ? ಕೊಲ್ಲಲಿ. ಕಲ್ಲುಗಳು ಒಡೆದಾಗಿದೆ, ವಿಷ ಊರು ತಲುಪಿದೆ, ಹಬ್ಬದ ದಿನ ಬಂದೇ ಬರುತ್ತದೆ. ಒಡೆಯದೆ ಬಚ್ಚಿಟ್ಟ ಕಲ್ಲುಗಳು ಎಲ್ಲಿವೆ ಎಂದು ಅವಳೊಬ್ಬಳಿಗೇ ಗೊತ್ತು ಎಂದು ಪಾರ್ಟಿಗೆ ಆಮೇಲೆ ತಿಳಿಯಲಿ. ಆಗ ಅವರು ಆ ದಿನದ ಒಂದೇ ಒಂದು ವಿಶ್ ಅನ್ನು ಅವಳಿಗಾಗಿ ಬಳಸಬೇಕಾಗುತ್ತದೆ, ಹೊರಗೆ ಸಾಲಿನಲ್ಲಿ ಕಾಯುತ್ತಿರುವವರ ಕಣ್ಣೆದುರೇ. ರೆಸರೆಕ್ಷನ್‌ಗೆ ಸತ್ತವರ ಆತ್ಮ ಒಪ್ಪಬೇಕು ಎಂಬ ನಿಯಮ ನೆನಪಿದೆಯಲ್ಲ? ಅವಳು ಯಾಕೆ ಒಪ್ಪಬೇಕು, ಏನು ಕೊಟ್ಟರೆ ಒಪ್ಪುತ್ತಾಳೆ ಎಂದು ನೀವು ಮೊದಲೇ ತೀರ್ಮಾನಿಸಿ ಬರೆದಿಡಿ. ಜೊತೆಗೆ ಜಾಗದ ಅರ್ಧ ಸುಳಿವು ಗೊತ್ತಿರುವ ಇನ್ನಿಬ್ಬರು ಕೂಲಿಗಳ ಹೆಸರನ್ನೂ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಅವಳು ಬರಲ್ಲ ಅಂದ ದಿನ ಆಟ ನಿಲ್ಲಬಾರದು.