ಕುದುರೆಮುಖಕ್ಕೆ ಅಕ್ಟೋಬರ್‌ನಲ್ಲಿ ಹೋಗಬಹುದಾ?

ಪ್ರಶ್ನೆ: ನಾವು ಒಂಬತ್ತು ಜನ ಹಕ್ಕಿ ನೋಡುವ ಹವ್ಯಾಸದವರು. ದಸರಾ ಮುಗಿದ ಮೇಲೆ ಒಟ್ಟಿಗೆ ಕುದುರೆಮುಖ ಹತ್ತುವ ಆಸೆ. ಮಳೆ ಕಾಟ ಇರುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಹೋಗಿ, ಒಳ್ಳೆಯ ಸಮಯ ಅದು. ಮುಂಗಾರು ಮುಗಿದು ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ. ಆದರೆ ಹಿಂಗಾರು ಶುರುವಾಗುವ ತಿಂಗಳು ಅಲ್ವಾ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಹಾಗಾಗಿ ಬೆಳಿಗ್ಗೆ ಬೇಗ ಹೊರಟು ಸಂಜೆಯೊಳಗೆ ಇಳಿಯಲೇಬೇಕು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಮೇಲೆ ಟೆಂಟ್ ಹಾಕುವಂತಿಲ್ಲ.

ಚಾರಣ ಶುರುವಾಗುವ ಮುಳ್ಳೋಡಿ ಊರಿನಿಂದ ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ನಿಮ್ಮಂಥವರ ಗುಂಪಿನಲ್ಲಿ ಒಬ್ಬರು ಶೋಲಾ ಕಾಡಿನ (ಹುಲ್ಲುಗಾವಲಿನ ನಡುವೆ ಕಣಿವೆಗಳಲ್ಲಿ ಬೆಳೆದ ದಟ್ಟ ಕಾಡು) ಅಂಚಲ್ಲಿ ಬೈನಾಕ್ಯುಲರ್ ಹಿಡಿದು ನಿಂತರೆ ಅರ್ಧ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಮುಂದೆ ಹೋದವರು ಮಂಜಿನಲ್ಲಿ ಕಾಣೆಯಾಗಿರುತ್ತಾರೆ. ನನಗೆ ಭಯ ಇದೊಂದೇ. ದಾರಿ ಬಲ್ಲ ಒಬ್ಬರು ಕೊನೆಯಲ್ಲೇ ಇರಲಿ. ಎಲ್ಲರೂ ತುದಿ ಮುಟ್ಟಬೇಕು ಅಂತ ಹಟ ಬೇಡ, ಹಕ್ಕಿಗಳು ಜಾಸ್ತಿ ಸಿಗುವುದು ಕೆಳಗಿನ ಕಾಡಿನಲ್ಲೇ. ಉಂಬಳ (ಜಿಗಣೆ) ಇನ್ನೂ ಇರುತ್ತವೆ, ಪ್ಯಾಂಟನ್ನು ಉದ್ದ ಸಾಕ್ಸ್ ಒಳಗೆ ತುರುಕಿಕೊಳ್ಳಿ.